ಹೊಗೆ ಹೋದ ಅಡಿಗೆಮನೆಗೆ ಗಾಳಿಯಾಡುವ ಕಪಾಟು

ಅಡಿಗೆಮನೆಯಲ್ಲಿ ಜಾಗ ಸಾಲದು ಎಂಬ ಮಾತು ಈಚಿನ ವರ್ಷಗಳಲ್ಲಿ ಸಕಲೇಶಪುರ, ಆಲೂರು ಸೀಮೆಯ ಮನೆಮನೆಯಲ್ಲೂ ಕೇಳಿಬರುತ್ತಿದೆ. ಹೊಸದಾಗಿ ಕಟ್ಟುವ ತಾರಸಿ ಮನೆಗಳಲ್ಲಿ ಗೋಡೆಯಿಂದ ಗೋಡೆಗೆ ಪ್ಲೈವುಡ್ಡಿನ ಕಪಾಟುಗಳನ್ನು ಕೂಡಿಸುವುದು ರೂಢಿಯಾಗಿದೆ. ಅವು ತುಂಬಿದರೆ ಮೇಲೊಂದು ಸಾಲು, ಅದೂ ತುಂಬಿದರೆ ಸೂರಿಗೆ ಅಂಟಿದಂತೆ ಮತ್ತೊಂದು ಸಾಲು. ಇಷ್ಟಾದರೂ ಆರಿದ್ರಾ ಮಳೆ ಹಿಡಿದ ಎರಡನೆಯ ವಾರದಲ್ಲಿ ಕಪಾಟಿನ ಬಾಗಿಲು ತೆರೆದರೆ ಮುಗ್ಗಲು ವಾಸನೆ ಮೂಗಿಗೆ ಬಡಿಯುತ್ತದೆ. ಹಪ್ಪಳದ ಕಟ್ಟಿಗೆ ಬೂಷ್ಟು, ಹುಣಸೆಹಣ್ಣಿಗೆ ನೀರು, ಬೇಳೆಗೆ ಹುಳು. ಬಾಗಿಲೇ ಉಬ್ಬಿ ಮುಚ್ಚಲಾರದ ಸ್ಥಿತಿಗೆ ಬರುವುದೂ ಉಂಟು. ಜಾಗವನ್ನು ಹೆಚ್ಚಿಸಿದ್ದಾಯಿತು, ಉಳಿಸಬೇಕಾದ ಪದಾರ್ಥ ಮಾತ್ರ ಉಳಿಯಲಿಲ್ಲ.

ಇಲ್ಲಿ ವಿಚಾರ ಮಾಡಬೇಕಾದ ಸಂಗತಿಯೊಂದಿದೆ. ಹಳೆಯ ಮಲೆನಾಡಿನ ಅಡಿಗೆಮನೆ ಪದಾರ್ಥಗಳನ್ನು ಇಡುವ ಜಾಗವಷ್ಟೇ ಆಗಿರಲಿಲ್ಲ, ಒಣಗಿಸುವ ಯಂತ್ರವೂ ಆಗಿತ್ತು. ಒಲೆಯ ಮೇಲ್ಭಾಗದ ಅಟ್ಟಕ್ಕೆ ಹಾಸುತ್ತಿದ್ದುದು ಬಿದಿರು ಗಳು ಅಥವಾ ಅಡಿಕೆ ದಬ್ಬೆ. ಅವುಗಳ ನಡುವಿನ ಸಂದಿಯಲ್ಲಿ ಹೊಗೆಯೂ ಬಿಸಿಗಾಳಿಯೂ ಮೇಲೇರಿ, ಹಂಚಿನ ಸಂದಿಯಿಂದ ಹೊರಗೆ ಹೋಗುತ್ತಿದ್ದವು. ಬಿತ್ತನೆಯ ಬೀಜ, ಒಣಮೀನು, ವಾಟೆಹುಳಿ, ಏಲಕ್ಕಿ, ಹಲಸಿನ ಹಪ್ಪಳ ಎಲ್ಲವೂ ಆ ದಾರಿಯಲ್ಲೇ ಕುಳಿತಿರುತ್ತಿದ್ದವು. ಹೊರಗೆ ಮೂರು ತಿಂಗಳು ಬಿಸಿಲು ಕಾಣದಿದ್ದರೂ ಒಲೆಯ ಮೇಲೆ ದಿನಕ್ಕೆ ಆರೇಳು ಗಂಟೆ ಬೇಸಿಗೆ ಇರುತ್ತಿತ್ತು. ಹೊಗೆಯಲ್ಲಿರುವ ಟಾರಿನಂಥ ಅಂಶಗಳು ಬಿದಿರಿಗೂ ಮರಕ್ಕೂ ಹಿಡಿದು, ಕುಟ್ಟೆಹುಳುವನ್ನು ದೂರವಿಡುತ್ತಿದ್ದವು. ನೂರು ವರ್ಷದ ಅಟ್ಟದ ಬಿದಿರು ಕಪ್ಪಾಗಿ, ಕಬ್ಬಿಣದಂತೆ ಗಟ್ಟಿಯಾಗಿ ಉಳಿದಿರುವುದರ ಗುಟ್ಟು ಇದೇ. ಮಣ್ಣಿನ ಗೋಡೆಯ ಗೂಡು, ಗೋಡೆಯುದ್ದಕ್ಕೂ ಚಾಚಿದ ನಾಗಂದಿಗೆ, ಇರುವೆಗೂ ಬೆಕ್ಕಿಗೂ ಎಟುಕದಂತೆ ತೂಗುವ ನೆಲುವು, ಇವೆಲ್ಲವೂ ಬಾಗಿಲಿಲ್ಲದ, ಗಾಳಿ ತಡೆಯದ ವ್ಯವಸ್ಥೆಗಳು.

ಈ ಯಂತ್ರದ ಬೆಲೆಯನ್ನು ತೆತ್ತವರು ಹೆಂಗಸರು ಎಂಬುದನ್ನು ಮರೆಯುವಂತಿಲ್ಲ. ಅದೇ ಹೊಗೆ ಅವರ ಕಣ್ಣಿಗೂ ಶ್ವಾಸಕೋಶಕ್ಕೂ ಇಳಿಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ರೂಪಿಸಿದ ಅಸ್ತ್ರ ಒಲೆ, ಹೊಗೆಯನ್ನು ಕೊಳವೆಯ ಮೂಲಕ ಸೂರಿನಾಚೆ ಕಳಿಸಿತು. ಅನಂತರ ಅಡಿಗೆ ಅನಿಲ ಬಂತು. 2016ರ ಉಜ್ವಲ ಯೋಜನೆಯ ಬಳಿಕ ಕೂಲಿಯವರ ಮನೆಗೂ ಸಿಲಿಂಡರು ತಲುಪಿತು. ಇವೆಲ್ಲ ಆಗಲೇಬೇಕಾಗಿದ್ದ ಬದಲಾವಣೆಗಳು. ಹಳೆಯ ಅಟ್ಟವನ್ನು ಹೊಗಳುತ್ತ ಹೊಗೆಯನ್ನು ಮರಳಿ ಕರೆಯುವವರು ಒಂದು ವಾರ ಆ ಒಲೆಯ ಮುಂದೆ ಕುಳಿತು ಊದುಗೊಳವೆ ಹಿಡಿದರೆ ಸಾಕು, ಹೊಗಳಿಕೆ ತಾನಾಗಿ ನಿಲ್ಲುತ್ತದೆ.

ಆದರೆ ಹೊಗೆಯೊಂದಿಗೆ ಅಡಿಗೆಮನೆಯ ಒಣಗಿಸುವ ಶಕ್ತಿಯೂ ಹೊರಟುಹೋಯಿತೆಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅನಿಲದ ಉರಿ ಒಣ ಶಾಖವನ್ನಷ್ಟೇ ಕೊಡುವುದಿಲ್ಲ. ಅನಿಲ ಉರಿದಾಗ ನೀರಾವಿಯೂ ಹುಟ್ಟುತ್ತದೆ. ಕುದಿಯುವ ಅನ್ನದ ಆವಿ, ಕಡುಬಿನ ಆವಿ ಅದರ ಜೊತೆ ಸೇರುತ್ತವೆ. ಹಂಚಿನ ಸಂದಿಯಿಲ್ಲದ ತಾರಸಿಯ ಕೆಳಗೆ ಆ ಆವಿ ಹೋಗುವುದೆಲ್ಲಿಗೆ? ತಣ್ಣಗಿನ ಗೋಡೆಗೆ, ಕಪಾಟಿನ ಬೆನ್ನಿಗೆ. ಧಾನ್ಯ ಕೆಡದೆ ಉಳಿಯಬೇಕಾದರೆ ಅದರಲ್ಲಿನ ತೇವ ಶೇಕಡಾ 12ರಿಂದ 14ನ್ನು ಮೀರಬಾರದು. ಧಾನ್ಯವು ಸುತ್ತಲಿನ ಗಾಳಿಯಿಂದ ತೇವವನ್ನು ಹೀರಿಕೊಳ್ಳುತ್ತಲೇ ಇರುತ್ತದೆ. ಗಾಳಿಯಾಡದ ಪೆಟ್ಟಿಗೆಯೊಳಗೆ ಸಡಿಲ ಮುಚ್ಚಳದ ಡಬ್ಬಿಯನ್ನಿಟ್ಟು ಪುಷ್ಯ, ಆಶ್ಲೇಷಾ ಮಳೆಗಳನ್ನು ದಾಟುವುದು ಕಷ್ಟ.

ಇದು ರುಚಿಯ ಪ್ರಶ್ನೆ ಮಾತ್ರವಲ್ಲ. 2018ರ ಆಗಸ್ಟ್ ತಿಂಗಳಿನಲ್ಲಿ ಶಿರಾಡಿ ಘಾಟಿಯ ರಸ್ತೆಯೂ ಸಕಲೇಶಪುರ ಸುಬ್ರಹ್ಮಣ್ಯ ರೈಲುಹಾದಿಯೂ ಗುಡ್ಡ ಕುಸಿದು ಮುಚ್ಚಿಹೋಗಿದ್ದವು. 2024ರ ಜುಲೈಯಲ್ಲಿ ಶಿರಾಡಿಯಲ್ಲಿ ಮತ್ತೆ ಕುಸಿತವಾಯಿತು. ಮರ ಬಿದ್ದು ಒಳದಾರಿಗಳು ಮುಚ್ಚುವುದು, ವಾರಗಟ್ಟಲೆ ವಿದ್ಯುತ್ತಿಲ್ಲದಿರುವುದು ಘಟ್ಟದಂಚಿನ ಹಳ್ಳಿಗಳಿಗೆ ಹೊಸತಲ್ಲ. ಅಂಥ ದಿನಗಳಲ್ಲಿ ಮನೆಯ ದಾಸ್ತಾನೇ ಗತಿ. ಶೀತಕಪಾಟನ್ನು ನಂಬಿದವರಿಗೆ ಆ ದಿನಗಳು ಪಾಠ ಕಲಿಸಿವೆ.

ಪ್ಲೈವುಡ್ಡಿನ ವಿಚಾರಕ್ಕೆ ಬರೋಣ. ಪೇಟೆಯಲ್ಲಿ ಅಗ್ಗದ ಕಪಾಟಿಗೆ ಬಳಸುವುದು ಬಹುಮಟ್ಟಿಗೆ ಮರದ ಪುಡಿಯನ್ನು ಅಂಟಿನಿಂದ ಒತ್ತಿದ ಹಲಗೆ, ಇಲ್ಲವೇ ಎಂ.ಆರ್. ದರ್ಜೆಯ ಪ್ಲೈವುಡ್ಡು. ಎಂ.ಆರ್. ಎಂದರೆ ತೇವವನ್ನು ಸ್ವಲ್ಪ ತಾಳಿಕೊಳ್ಳಬಲ್ಲದ್ದು ಎಂದಷ್ಟೇ ಅರ್ಥ, ನೀರಿಗೆ ಜಗ್ಗದ್ದು ಎಂದಲ್ಲ. ಅದರ ಅಂಟು ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್. ತೇವ ಮತ್ತು ಶಾಖದಲ್ಲಿ ಅದು ಸಡಿಲಗೊಂಡು ಫಾರ್ಮಾಲ್ಡಿಹೈಡ್ ಅನಿಲವನ್ನು ಬಿಡುತ್ತದೆ. ಆ ಅನಿಲವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿತು. ನೀರನ್ನು ನಿಜವಾಗಿ ತಾಳುವ, ಐ.ಎಸ್. 710 ಗುರುತಿನ ಹಲಗೆಗೆ ಬೆಲೆ ಹೆಚ್ಚು. ಆಲೂರಿನ ಪೂರ್ವದ ಬಯಲಂಚಿನಲ್ಲಿ ಅಗ್ಗದ ಹಲಗೆ ಹೇಗೋ ಕೆಲವು ವರ್ಷ ಬಾಳೀತು. ಹೆತ್ತೂರು, ಹಾನುಬಾಳು ಕಡೆಯ ಮಳೆಗೆ ಅದು ತಕ್ಕದ್ದಲ್ಲ. ಉಬ್ಬಿ ಒಡೆದ ಹಲಗೆಯನ್ನು ಒಲೆಗೆ ಹಾಕಿದರೆ ವಿಷದ ಹೊಗೆ, ಹಳ್ಳಕ್ಕೆ ಎಸೆದರೆ ನೀರಿಗೆ ಕಸ.

ಇದಕ್ಕಿಂತ ದೊಡ್ಡ ವಿಪರ್ಯಾಸ ಬೇರೊಂದಿದೆ. ಕಾಫಿ ತೋಟದ ನೆರಳಿಗೂ ಮೆಣಸಿನ ಬಳ್ಳಿಯ ಆಸರೆಗೂ ನೆಟ್ಟ ಸಿಲ್ವರ್ ಮರ ಲಾರಿಯೇರಿ ಕೆಳಗಿಳಿದು, ಪ್ಲೈವುಡ್ ಕಾರ್ಖಾನೆಗಳಿಗೆ ಹೋಗುತ್ತದೆ. ಅಲ್ಲಿ ಹಾಳೆಯಾಗಿ ಸುಲಿಸಿಕೊಂಡು, ಅಂಟು ಬಳಿಸಿಕೊಂಡು, ಬಣ್ಣದ ಹೊದಿಕೆ ಹೊದ್ದು, ಹಲವು ಪಟ್ಟು ಬೆಲೆ ಹೊತ್ತು ಅದೇ ತೋಟದ ಅಡಿಗೆಮನೆಗೆ ಮರಳಿದರೂ ಆಶ್ಚರ್ಯವಿಲ್ಲ. ಆಸ್ಟ್ರೇಲಿಯಾದಿಂದ ಬಂದ ಈ ಮರವನ್ನು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಕಡಿತಲೆಯ ಅನುಮತಿಯಿಂದ ಹೊರಗಿಟ್ಟಿದೆ. ಅಡಿಗೆಮನೆಯ ಹಲಗೆಗಾಗಿ ಹೊನ್ನೆಯನ್ನೋ ಬೀಟೆಯನ್ನೋ ಮುಟ್ಟಬೇಕಾದ ಅಗತ್ಯವೇ ಇಲ್ಲ. ತುದಿ ಮುರಿದ, ಕವಲಾದ, ವ್ಯಾಪಾರಿ ಬೇಡವೆಂದು ಬಿಟ್ಟ ಸಿಲ್ವರ್ ತುಂಡುಗಳೇ ಸಾಕು. ಮಳೆ ನಿಂತ ಮೇಲೆ ಕೊಯ್ದು, ಮುಕ್ಕಾಲು ಅಥವಾ ಒಂದಂಗುಲದ ಹಲಗೆ ಮಾಡಿಸಿ, ಒಂದರ ಮೇಲೊಂದು ಇಡುವಾಗ ನಡುನಡುವೆ ಸಣ್ಣ ಪಟ್ಟಿ ಕೊಟ್ಟು, ನೆರಳಿನ ಕೊಟ್ಟಿಗೆಯಲ್ಲಿ ಬೇಸಿಗೆ ಪೂರ್ತಿ ಆರಿಸಬೇಕು. ಈ ಆರಿಸುವ ತಾಳ್ಮೆಯಿಲ್ಲದೆ ಹಸಿಹಲಗೆಗೆ ಮೊಳೆ ಹೊಡೆದವರು ಮರವನ್ನು ಬಯ್ಯುತ್ತಾರೆ. ಸಿಲ್ವರ್ ಗೆದ್ದಲಿಗೆ ಸುಲಭದ ತುತ್ತು. ನೆಲಕ್ಕೆ ತಾಗದಂತೆ ಕಲ್ಲಿನ ಮೇಲೆ ನಿಲ್ಲಿಸುವುದು ಕ್ಷೇಮ.

ಇರುವ ಕಪಾಟನ್ನು ಕಿತ್ತೆಸೆಯಬೇಕಾದ ಅಗತ್ಯವೂ ಇಲ್ಲ. ಹೆಚ್ಚಿನ ಕಪಾಟುಗಳಲ್ಲಿ ಒಂದೊಂದು ಅಂತಸ್ತಿನ ಎತ್ತರ ಒಂದೂವರೆ ಅಡಿ, ಒಳಗಿಡುವ ಡಬ್ಬಿಯ ಎತ್ತರ ಆರೇಳು ಅಂಗುಲ. ಮೇಲಿನ ಅರ್ಧ ಜಾಗ ಬರಿದೇ ಖಾಲಿ. ಎರಡು ಕಾಲಿನ ಮೇಲೆ ನಿಂತ, ಕಪಾಟಿನ ಅರ್ಧ ಆಳದ ಒಂದು ಮೆಟ್ಟಿಲು ಹಲಗೆಯನ್ನು ಹಿಂಬದಿಗೆ ಇಟ್ಟರೆ, ಹಿಂದಿನ ಸಾಲಿನ ಡಬ್ಬಿಗಳು ಮುಂದಿನ ಸಾಲಿನ ಮೇಲಿಂದ ಕಾಣುತ್ತವೆ. ಮೊಳೆ ಬೇಡ, ಬಡಗಿ ಬೇಡ, ಒಂದು ಗರಗಸ ಸಾಕು. ಕಾಣದೆ ಮೂಲೆಗೆ ಬಿದ್ದ ಪದಾರ್ಥವೇ ಮೊದಲು ಹುಳು ಹಿಡಿಯುವುದರಿಂದ ಇದು ಜಾಗದ ಜೊತೆಗೆ ಕಾಳನ್ನೂ ಉಳಿಸುತ್ತದೆ. ಬಾಗಿಲಿನ ಒಳಮೈಗೆ ಮೂರಂಗುಲ ಅಗಲದ ಪಟ್ಟಿ ಗೂಡು ಕೂಡಿಸಿ ಸಾಂಬಾರ ಪದಾರ್ಥಗಳ ಸಣ್ಣ ಡಬ್ಬಿಗಳನ್ನು ಇಡಬಹುದು. ಒಳಹಲಗೆಯನ್ನು ಅಷ್ಟೇ ಹಿಂದಕ್ಕೆ ಕತ್ತರಿಸದಿದ್ದರೆ ಬಾಗಿಲು ಮುಚ್ಚದು. ಭಾರದ ಭರಣಿಯನ್ನು ಅಲ್ಲಿಟ್ಟರೆ ಪುಡಿಹಲಗೆಯ ತಿರುಗಣಿ ಕಿತ್ತುಬರುತ್ತದೆ.

ಗಾಳಿಯ ದಾರಿ ಇವೆಲ್ಲಕ್ಕಿಂತ ಮುಖ್ಯ. ಕಪಾಟನ್ನು ಗೋಡೆಗೆ ಅಂಟಿಸದೆ, ಹಿಂದೆ ಒಂದಂಗುಲದ ಪಟ್ಟಿ ಕೊಟ್ಟು ನಿಲ್ಲಿಸಬೇಕು. ಕೆಳಗೂ ಮೇಲೂ ಎರಡಂಗುಲದ ತೂತು ಕೊರೆದು ಸಣ್ಣ ಕಣ್ಣಿನ ತಂತಿಜಾಲರಿ ಬಡಿದರೆ ಗಾಳಿ ಕೆಳಗಿನಿಂದ ಮೇಲಕ್ಕೆ ಹರಿಯುತ್ತದೆ. ಮುಂಗಾರಿನ ಮಳೆ ಬಡಿಯುವುದು ಪಡುವಣದ ಗೋಡೆಗೆ. ಆ ಗೋಡೆಗೆ ಪಾತ್ರೆಗಳನ್ನು ತೂಗುಹಾಕಬಹುದು, ಕಾಳಿನ ಕಪಾಟು ಸಲ್ಲದು. ಮನೆಯ ನಕ್ಷೆ ಬರೆಯುವ ಎಂಜಿನಿಯರುಗಳಲ್ಲಿ ಎಷ್ಟು ಮಂದಿ ಇದನ್ನು ಕೇಳುತ್ತಾರೋ! ವಾಸ್ತು ಕೇಳುವವರಿಗೆ ಮಳೆಯ ದಿಕ್ಕು ಕೇಳುವುದೇನೂ ಕಷ್ಟವಲ್ಲ.

ತೆರೆದ ಹಲಗೆಗೆ ಇಲಿ, ಹಲ್ಲಿ, ಜಿರಳೆ ಬರುತ್ತವೆ ಎಂಬ ಆಕ್ಷೇಪ ನಿಜವಾದುದೇ. ಅದಕ್ಕೆ ಉತ್ತರವಾಗಿ ಹಿಂದೆ ಜಾಲರಿ ಬಾಗಿಲಿನ ಬೀರು ಇತ್ತು, ಅದರ ನಾಲ್ಕು ಕಾಲಿನ ಕೆಳಗೆ ಇರುವೆಗಾಗಿ ನೀರಿನ ಬಟ್ಟಲಿತ್ತು. ಈಗಿನ ಕಪಾಟಿನ ಬಾಗಿಲುಗಳಲ್ಲಿ ಎರಡನ್ನು ತೆಗೆದು, ಸಿಲ್ವರ್ ಚೌಕಟ್ಟಿಗೆ ಜಾಲರಿ ಬಡಿದು ಕೂಡಿಸಿದರೆ ಆ ಬೀರೇ ಮರಳಿದಂತೆ. ಹೊಳಪಿನ ಅಡಿಗೆಮನೆಯ ಅಂದ ಕೆಟ್ಟೀತು ಎನ್ನುವವರಿಗೆ ಹೇಳುವುದೇನೂ ಇಲ್ಲ.

ಬಿದಿರಿನ ವಿಚಾರದಲ್ಲಿ ಒಂದು ತೊಡಕು ನಿವಾರಣೆಯಾಗಿದೆ. 2017ರ ತಿದ್ದುಪಡಿಯಿಂದ ಅರಣ್ಯದ ಹೊರಗೆ ಬೆಳೆದ ಬಿದಿರು ಕಾನೂನಿನ ಕಣ್ಣಿನಲ್ಲಿ ಮರವಲ್ಲ. ಆದರೆ ಹೊಗೆಯಿಲ್ಲದ ಮನೆಯಲ್ಲಿ ಬಿದಿರನ್ನು ಹಾಗೆಯೇ ಬಳಸಿದರೆ ಮರುವರ್ಷವೇ ಹಿಟ್ಟು ಉದುರುತ್ತದೆ. ಅದರೊಳಗಿನ ಪಿಷ್ಟಕ್ಕೆ ಕುಟ್ಟೆಹುಳು ಬೀಳುವುದೇ ಕಾರಣ. ಬಲಿತ ಗಳುವನ್ನು ಮಳೆಗಾಲದ ನಂತರ ಕಡಿದು, ಸೀಳಿ, 95 ಲೀಟರು ನೀರಿನಲ್ಲಿ 3 ಕಿಲೋ ಬೋರಾಕ್ಸ್ ಮತ್ತು 2 ಕಿಲೋ ಬೋರಿಕ್ ಆಮ್ಲ ಕರಗಿಸಿದ ದ್ರಾವಣದಲ್ಲಿ ಒಂದು ವಾರ ನೆನೆಸಿ, ನೆರಳಿನಲ್ಲಿ ಆರಿಸಬೇಕು. ಕೈಗವಸು ಬೇಕು, ಮಿಕ್ಕ ದ್ರಾವಣ ಕೆರೆಹಳ್ಳಕ್ಕೆ ಸೇರಬಾರದು, ಹೀಗೆ ಹದಮಾಡಿದ ದಬ್ಬೆಯ ಮೇಲೆ ಡಬ್ಬಿ ಇಡಬಹುದೇ ಹೊರತು ಬರಿಯ ಕಾಳನ್ನು ಹರಡಬಾರದು. ಮಲೆ ಮಹದೇಶ್ವರ ಬೆಟ್ಟದಲ್ಲಿ ಏಟ್ರೀ ಸಂಸ್ಥೆಯ ನೆರವಿನಿಂದ ಸೋಲಿಗರು ಲಂಟಾನದ ಕಡ್ಡಿಯನ್ನು ಬೇಯಿಸಿ, ತೊಗಟೆ ಸುಲಿದು ಪೀಠೋಪಕರಣ ಮಾಡುವುದನ್ನು ಕಲಿತಿದ್ದಾರೆ. ಈ ಸೀಮೆಯ ಬೇಲಿಗಳಲ್ಲಿ ಲಂಟಾನಕ್ಕೇನೂ ಬರವಿಲ್ಲ.

ಇನ್ನು ಒಣಗಿಸುವ ಕೆಲಸ. ಅನಿಲ ಬಂದ ಮನೆಗಳಲ್ಲೂ ಸ್ನಾನದ ನೀರಿಗೆ ಬಚ್ಚಲ ಒಲೆ ಉರಿಯುತ್ತಲೇ ಇದೆ. ಆ ಶಾಖ ಬಹುತೇಕ ಮನೆಗಳಲ್ಲಿ ವ್ಯರ್ಥ. ಹಂಡೆಯ ಒಲೆಯ ಮುಂದೆ ಯಾರೂ ಗಂಟೆಗಟ್ಟಲೆ ಕುಳಿತಿರುವುದಿಲ್ಲವಾದ್ದರಿಂದ ಅಡಿಗೆಮನೆಯಿಂದ ಹೊರಟುಹೋದ ಅಟ್ಟಕ್ಕೆ ಅದೇ ತಕ್ಕ ಜಾಗ. ಉರಿಯ ನಾಲಿಗೆಗಿಂತ ಒಂದಾಳೆತ್ತರ ಮೇಲೆ, ಒಲೆಯ ನೇರಕ್ಕೆ ಬಾರದೆ ಸ್ವಲ್ಪ ಪಕ್ಕಕ್ಕೆ, ಕಬ್ಬಿಣದ ಸರಪಳಿಯಿಂದ ತೂಗುಹಾಕಿದ ದಬ್ಬೆಯ ತಟ್ಟಿಯಲ್ಲಿ ಬಿತ್ತನೆಬೀಜ, ವಾಟೆಹುಳಿ, ಮೆಣಸು ಮಳೆಗಾಲ ಕಳೆಯಬಲ್ಲವು. ಹಗ್ಗ ಬೇಡ, ಬೆಂಕಿಯ ಭಯವಿದೆ. ಈ ತಟ್ಟಿಗೆ ಮದ್ದು ಹಾಕದ ಬಿದಿರೇ ಇರಲಿ, ಹುಳುವಿನ ಕೆಲಸವನ್ನು ಹೊಗೆ ನೋಡಿಕೊಳ್ಳುತ್ತದೆ.

ತೋಟದ ಲೈನ್ ಮನೆಗಳ ಪ್ರಶ್ನೆ ಇವೆಲ್ಲಕ್ಕಿಂತ ಗಂಭೀರ. ಒಂದೇ ಕೋಣೆಯಲ್ಲಿ ಅಡಿಗೆ, ಮಲಗುವುದು, ಅಕ್ಕಿಯ ಚೀಲ. ಕೆಂಚಮ್ಮನ ಹೊಸಕೋಟೆ, ಪಾಳ್ಯ, ಯಸಳೂರು ಕಡೆಗಳಲ್ಲಿ ಆ ಚೀಲ ಆನೆಯನ್ನೂ ಕರೆಯುತ್ತದೆ. ಭತ್ತ, ಅಕ್ಕಿ, ಉಪ್ಪು, ಹಲಸಿನಹಣ್ಣಿನ ವಾಸನೆ ಹಿಡಿದು ಆನೆಗಳು ಬಾಗಿಲು, ಕಿಟಕಿ ಒಡೆದ ಪ್ರಸಂಗಗಳು ಈ ಸೀಮೆಗೆ ಚಿರಪರಿಚಿತ. ಉಚ್ಚ ನ್ಯಾಯಾಲಯದ ನಿರ್ದೇಶನದಂತೆ ರಚನೆಯಾದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟ ಬಳಿಕ ಆಲೂರು, ಸಕಲೇಶಪುರ ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಲಾಯಿತು. ಆದರೂ ಆನೆಗಳು ಬರುವುದು ನಿಂತಿಲ್ಲ. ಹೀಗಿರುವಾಗ ಅಕ್ಕಿಯನ್ನು ಎಲ್ಲಿಡಬೇಕೆಂಬುದು ಜೀವದ ಪ್ರಶ್ನೆ. ಹೊರಗೋಡೆಯ ಕಿಟಕಿಯ ಕೆಳಗೆ, ಮಲಗುವವರ ತಲೆದೆಸೆಯಲ್ಲಿ ಚೀಲ ಇರಲೇಬಾರದು. ಬಿಗಿಮುಚ್ಚಳದ ತಗಡಿನ ಡ್ರಮ್ಮಿನಿಂದ ವಾಸನೆ ಕಡಿಮೆ ಹೊಮ್ಮುತ್ತದೆ. ಅದು ಪೂರ್ತಿ ರಕ್ಷಣೆಯಲ್ಲ, ಚೀಲಕ್ಕಿಂತ ಮೇಲು. ಲೈನಿನ ಹತ್ತು ಮನೆಗಳಿಗೆ ಸೇರಿ, ಮಲಗುವ ಮನೆಗಳಿಂದ ದೂರ, ಕಲ್ಲಿನ ಗೋಡೆಯ ಒಂದು ಉಗ್ರಾಣವನ್ನು ಕಟ್ಟಿಕೊಡುವುದು ತೋಟದ ಮಾಲೀಕರಿಗೆ ಹೊರಲಾರದ ಹೊರೆಯಲ್ಲ. ಕಾಫಿಯ ಚೀಲಕ್ಕೆ ಗೋದಾಮು ಕಟ್ಟಿಸಿದವರು ಕೂಲಿಯವರ ಅಕ್ಕಿಗೂ ಒಂದು ಮೂಲೆ ಕೊಡಬೇಕು.

ಇಂಥ ಕೆಲಸಕ್ಕೆ ಶಾಲಾ ಕಾಲೇಜುಗಳ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳು ಚೆನ್ನಾಗಿ ಹೊಂದುತ್ತವೆ. ರಸ್ತೆಬದಿಗೆ ಸುಣ್ಣ ಬಳಿಯುವ ಬದಲು, ಒಂದು ಊರಿನ ನಾಲ್ಕು ಅಡಿಗೆಮನೆಗಳಿಗೆ ಜಾಲರಿ ಬಾಗಿಲು, ಮೆಟ್ಟಿಲು ಹಲಗೆ ಮಾಡಿಕೊಟ್ಟರೆ ಕೈಗೆ ಕಸುಬೂ ಹತ್ತುತ್ತದೆ. ಅಳತೆ ತೆಗೆಯುವ ಮೊದಲು ಆ ಮನೆಯ ಹೆಂಗಸನ್ನು ನಿಲ್ಲಿಸಿ, ಅವಳ ಕೈ ಎಷ್ಟು ಎತ್ತರಕ್ಕೆ ಎಟುಕುತ್ತದೆಂದು ಗುರುತು ಮಾಡಿಕೊಳ್ಳುವುದು ಒಳ್ಳೆಯದು. ಭಾರದ ಭರಣಿ ಸೊಂಟಕ್ಕಿಂತ ಕೆಳಗೆ, ದಿನಬಳಕೆಯದು ಸೊಂಟಕ್ಕೂ ಕಣ್ಣಿಗೂ ನಡುವೆ, ವರ್ಷಕ್ಕೊಮ್ಮೆ ಬೇಕಾಗುವ ಹಬ್ಬದ ಪಾತ್ರೆ ಮಾತ್ರ ಮೇಲೆ. ಬಿದಿರು ಕಡಿಯಲು, ಸಿಲ್ವರ್ ಕೊಯ್ಯಲು ಪುಷ್ಯ, ಮಾಘ ಮಾಸಗಳು ಸರಿಯಾದ ಕಾಲ. ಹಲಗೆ ಶಿವರಾತ್ರಿಯೊಳಗೆ ಕೊಟ್ಟಿಗೆ ಸೇರಿದರೆ, ಆರಿದ್ರಾ ಮಳೆ ಹಿಡಿಯುವ ಮೊದಲು ಕಪಾಟು ಸಿದ್ಧವಾಗುತ್ತದೆ.