ಓದುವ ಮಕ್ಕಳ ದುಡಿಮೆಗೂ ಲೆಕ್ಕವಿರಲಿ

ಮುಂಗಾರಿನ ಬಿತ್ತನೆಯೂ ಕಾಲೇಜಿನ ಪ್ರವೇಶವೂ ನಮ್ಮಲ್ಲಿ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬರುತ್ತವೆ. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆಗೆ ಹಣ ಹೊಂದಿಸುವ ಹೊತ್ತಿನಲ್ಲೇ ಮಗನ ಶುಲ್ಕ, ಮಗಳ ಹಾಸ್ಟೆಲ್ ಖರ್ಚು, ಪುಸ್ತಕ, ಬಸ್ ಪಾಸು ಎಲ್ಲವೂ ಎದುರು ನಿಲ್ಲುತ್ತವೆ. ಫಸಲು ಕೈಗೆ ಬರುವುದು ನಾಲ್ಕೈದು ತಿಂಗಳ ಮೇಲೆ. ಅಷ್ಟರವರೆಗೆ ರೈತನಿಗೆ ಇರುವುದು ಎರಡೇ ದಾರಿ: ಸಾಲ ಮಾಡುವುದು, ಇಲ್ಲವೇ ಒಬ್ಬರ ಓದು ನಿಲ್ಲಿಸುವುದು. ನಿಲ್ಲುವುದು ಸಾಮಾನ್ಯವಾಗಿ ಮಗಳ ಓದು.

ಓದುತ್ತಲೇ ನಾಲ್ಕು ಕಾಸು ಸಂಪಾದಿಸಬಾರದೇ ಎಂಬ ಪ್ರಶ್ನೆ ಹೀಗಾಗಿ ಹಳ್ಳಿಯ ಮನೆಗಳಲ್ಲಿ ಏಳುತ್ತಿದೆ. ಸಂಪಾದಿಸಬಹುದು, ಸಂಪಾದಿಸಬೇಕು. ಆದರೆ ಎಲ್ಲಿ, ಎಷ್ಟು ಹೊತ್ತು, ಹಣ ಯಾರ ಹೆಸರಿಗೆ ಎಂಬ ಮೂರು ಮಾತುಗಳನ್ನು ನೀವು ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು.

ದುಡಿದು ಓದಿದವರು

ದುಡಿಯುತ್ತ ಓದುವುದು ನಮಗೆ ಹೊಸದಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ತೂಗಿಸಿಕೊಂಡು, 1881ರಲ್ಲಿ ಬಿ.ಎ. ಪದವಿ ಪಡೆದರು. ನೆರೆಯ ಮಹಾರಾಷ್ಟ್ರದಲ್ಲಿ ಕರ್ಮವೀರ ಭಾವುರಾವ್ ಪಾಟೀಲರು 1919ರಲ್ಲಿ ಸಾತಾರಾ ಜಿಲ್ಲೆಯ ಕಾಲೆ ಗ್ರಾಮದಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಎಲ್ಲ ಜಾತಿಯ ಬಡ ಹುಡುಗರೂ ಅವರ ವಿದ್ಯಾರ್ಥಿನಿಲಯದಲ್ಲಿ ಒಟ್ಟಿಗೆ ಉಂಡು, ಒಟ್ಟಿಗೆ ದುಡಿದು ಓದಿದರು. ‘ದುಡಿ, ಕಲಿ’ ಎಂಬುದೇ ಅಲ್ಲಿಯ ಕ್ರಮವಾಯಿತು. ಹುಡುಗ ಬೆವರು ಸುರಿಸಿದ್ದು ಅವನ ವಿದ್ಯೆಗೇ ಸಂದಿತು. ನಾವು ಅಲ್ಲಿಂದ ಕಲಿಯಬೇಕಾದದ್ದು ಇದನ್ನೇ.

ಪಟ್ಟಣದ ಸಂಪಾದನೆ

ಇಂದು ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನಂಥ ಊರುಗಳಲ್ಲಿ ಓದುವ ಹಳ್ಳಿಯ ಹುಡುಗರು ಸಂಜೆ ಬೈಕಿನಲ್ಲಿ ಊಟದ ಪೊಟ್ಟಣ ತಲುಪಿಸುತ್ತಾರೆ, ಅಂಗಡಿಯಲ್ಲಿ ನಿಲ್ಲುತ್ತಾರೆ, ಮದುವೆ ಮನೆಯಲ್ಲಿ ಬಡಿಸುತ್ತಾರೆ. ಈ ಕೆಲಸಗಳಲ್ಲಿ ಕೀಳೆಂಬುದು ಯಾವುದೂ ಇಲ್ಲ. ಆದರೆ ಕೈಗೆ ಬಂದದ್ದೆಲ್ಲ ಉಳಿತಾಯವಲ್ಲ. ಪೆಟ್ರೋಲು, ಬೈಕಿನ ಕಂತು, ರಿಪೇರಿ ಕಳೆದು ಉಳಿದದ್ದೆಷ್ಟು ಎಂದು ಮಗನನ್ನು ಕೇಳಿ. ರಾತ್ರಿ ಹನ್ನೊಂದಕ್ಕೆ ಕೋಣೆ ಸೇರಿದವನು ಬೆಳಗಿನ ತರಗತಿಗೆ ಹೋದನೇ ಎಂಬುದನ್ನೂ ಕೇಳಿ. ಹಾಜರಿ ಸಾಲದೆ ಪರೀಕ್ಷೆಗೆ ಕೂರಲಾಗದಿದ್ದರೆ ವರ್ಷವೇ ಹೋಯಿತು. ಒಂದು ವರ್ಷದ ಬೆಲೆಯನ್ನು ಯಾವ ಸಂಜೆಯ ಕೆಲಸವೂ ತುಂಬಿಕೊಡದು.

ಹಾಸ್ಟೆಲಿನಲ್ಲಿರುವವರಿಗೆ ಮನೆಪಾಠ ಮೇಲು. ಕಲಿಸಿದಷ್ಟೂ ತನ್ನ ಓದೂ ಗಟ್ಟಿಯಾಗುತ್ತದೆ. ಊರಿನಿಂದಲೇ ಕಾಲೇಜಿಗೆ ಹೋಗಿ ಬರುವವರ ಮಾತು ಬೇರೆ. ಅವರಿಗೆ ಕೆಲಸ ಹಿತ್ತಲಿನಲ್ಲೇ ಇದೆ. ಹಿತ್ತಲ ಗಿಡ ಮದ್ದಲ್ಲ ಎಂದು ನಾವೇ ಅದನ್ನು ಕಡೆಗಣಿಸಿದ್ದೇವೆ.

ಹಿತ್ತಲಿನ ದುಡಿಮೆ

ಉಡುಪಿಯ ಶಂಕರಪುರದ ಸುತ್ತಿನ ಮಲ್ಲಿಗೆಯನ್ನು ನೋಡಿ. ಬೆಳಗಿನ ಜಾವ ಮೊಗ್ಗು ಬಿಡಿಸಿ, ಬಾಳೆನಾರಿನಲ್ಲಿ ಕಟ್ಟಿ ಮಾರುಕಟ್ಟೆಗೆ ಕಳಿಸುತ್ತಾರೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನದಿನಕ್ಕೆ ಏರಿಳಿಯುತ್ತದೆ, ನಿಜ. ಆದರೂ ಅಂಗಳದ ಕೆಲವು ಸೆಂಟ್ಸ್ ಜಾಗದ ಈ ಹೂವು ಅಲ್ಲಿಯ ಎಷ್ಟೋ ಮನೆಗಳ ಮಕ್ಕಳನ್ನು ಓದಿಸಿದೆ. ಕಾಲೇಜಿನ ಗಂಟೆ ಬಾರಿಸುವ ಮೊದಲೇ ಆ ದಿನದ ಕೆಲಸ ಮುಗಿದಿರುತ್ತದೆ.

ಭತ್ತದ ಹುಲ್ಲಿದ್ದಲ್ಲಿ ಚಿಪ್ಪು ಅಣಬೆ ಬೆಳೆಯಬಹುದು. ಹುಲ್ಲನ್ನು ಎರಡು ಅಂಗುಲದ ತುಂಡು ಮಾಡಿ, ನೆನೆಸಿ, ಬಿಸಿನೀರಿನಲ್ಲಿ ಹದಮಾಡಿ, ನೀರು ಬಸಿದು, ಪ್ಲಾಸ್ಟಿಕ್ ಚೀಲದಲ್ಲಿ ಪದರಪದರವಾಗಿ ಅಣಬೆ ಬೀಜ ಉದುರಿಸಿ ತುಂಬಬೇಕು. 15ರಿಂದ 20 ದಿನಗಳಲ್ಲಿ ಚೀಲದ ತುಂಬ ಬಿಳಿಯ ಎಳೆ ಹಬ್ಬುತ್ತದೆ. ಆಮೇಲೆ ದಿನಕ್ಕೆರಡು ಬಾರಿ ನೀರು ಚಿಮುಕಿಸಿದರೆ ಸಾಕು. ಬೀಜ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ದೊರೆಯುತ್ತದೆ. ಅಣಬೆ ಬೇಗ ಕೆಡುವ ಮಾಲು, ಆದ್ದರಿಂದ ಕೊಳ್ಳುವವರನ್ನು ಮೊದಲು ಗೊತ್ತು ಮಾಡಿಕೊಂಡು ಚೀಲ ಕಟ್ಟಬೇಕು. ದಿನವೂ ಬಸ್ಸಿನಲ್ಲಿ ಪಟ್ಟಣಕ್ಕೆ ಹೋಗುವ ವಿದ್ಯಾರ್ಥಿಗೆ ಇದು ಕಷ್ಟವಲ್ಲ. ನಿಮಗಿಲ್ಲದ ಮಾರುಕಟ್ಟೆ ಅವನ ದಾರಿಯಲ್ಲೇ ಇದೆ.

ಮಾವು, ಗೇರಿನ ಮೃದುಕಾಂಡ ಕಸಿ ಕಟ್ಟಲು ಮಳೆಗಾಲ ಸರಿಯಾದ ಕಾಲ. ಕೈ ಕುದುರಿದವರಿಗೆ ನರ್ಸರಿಗಳಲ್ಲಿ ಗಿಡದ ಲೆಕ್ಕದ ಮೇಲೆ ಹಣ ಸಿಗುತ್ತದೆ. ಭಾನುವಾರಗಳಲ್ಲಿ ಕಲಿತ ಈ ವಿದ್ಯೆ ಪದವಿಯ ನಂತರವೂ ಅನ್ನ ಕೊಡುತ್ತದೆ.

ಕೂಲಿ ಯಾರ ಕೈಗೆ?

ಮನೆಯ ಮಕ್ಕಳು ಹೊಲದಲ್ಲಿ ದುಡಿಯುತ್ತಲೇ ಇದ್ದಾರಲ್ಲ ಎಂದು ನೀವು ಕೇಳಬಹುದು. ದುಡಿಯುತ್ತಿದ್ದಾರೆ, ಆದರೆ ಆ ದುಡಿಮೆಗೆ ಲೆಕ್ಕವಿಲ್ಲ. ಪಟ್ಟಣದಲ್ಲಿ ಅಂಗಡಿ ಕೆಲಸ ಮಾಡಿದ ಗೆಳೆಯ ಹಬ್ಬಕ್ಕೆ ತನ್ನ ದುಡ್ಡಿನ ಅಂಗಿ ತೊಟ್ಟು ಬರುತ್ತಾನೆ. ಅವನಿಗಿಂತ ಹೆಚ್ಚು ಬೆನ್ನು ಬಗ್ಗಿಸಿದ ನಿಮ್ಮ ಮಗ ಐವತ್ತು ರೂಪಾಯಿಗೆ ನಿಮ್ಮ ಮುಂದೆ ಕೈಯೊಡ್ಡಿ, ಬೈಸಿಕೊಂಡು ಪಡೆಯುತ್ತಾನೆ. ಬೇಸಾಯದಲ್ಲಿ ಕಾಸಿಲ್ಲ ಎಂದು ಅವನು ತೀರ್ಮಾನಿಸುವುದು ಅಲ್ಲಿಯೇ. ಮುಂದೆ ಅವನು ಊರು ಬಿಟ್ಟನೆಂದು ಕೊರಗಿ ಫಲವಿಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ವಾರದ ಆರು ದಿನ ಒಂದೊಂದು ಗಂಟೆ, ಭಾನುವಾರ ನಾಲ್ಕು ಗಂಟೆ ಎಂದರೆ ವಾರಕ್ಕೆ 10 ಗಂಟೆ. ಪರೀಕ್ಷೆಯ ವಾರಗಳನ್ನು ಬಿಟ್ಟು ವರ್ಷಕ್ಕೆ 40 ವಾರ ಹಿಡಿದರೆ 400 ಗಂಟೆ, ಅಂದರೆ ಎಂಟು ಗಂಟೆಯ 50 ಆಳಿನ ಕೆಲಸ. ನಿಮ್ಮೂರ ಕೂಲಿ 400 ರೂ. ಎಂದುಕೊಂಡರೆ 20,000 ರೂ. ಆಯಿತು. ಹೊರಗಿನ ಆಳಿಗಾದರೆ ಈ ಹಣವನ್ನು ಎಣಿಸಿ ಕೊಡುತ್ತಿದ್ದಿರಿ.

ವಾರವಾರ ಕೊಡಲು ನಗದು ಎಲ್ಲಿದೆ ಎಂಬ ಮಾತೂ ಸರಿಯೇ. ಕೊಡಬೇಡಿ, ಬರೆದಿಡಿ. ಒಂದು ನೋಟುಬುಕ್ಕಿನಲ್ಲಿ ಮಗ, ಮಗಳ ಹೆಸರಿಗೆ ಬೇರೆ ಬೇರೆ ಪುಟವಿರಲಿ. ಫಸಲು ಮಾರಿದ ದಿನ, ಕಟ್ಟಿದ ಶುಲ್ಕವನ್ನು ಅದರಲ್ಲಿ ಮುರಿದುಕೊಂಡು ಉಳಿದದ್ದನ್ನು ಅವರ ಖಾತೆಗೆ ಹಾಕಿ. ಹತ್ತು ವರ್ಷ ತುಂಬಿದವರು ಅಂಚೆ ಕಚೇರಿಯಲ್ಲಿ ತಮ್ಮ ಹೆಸರಿನಲ್ಲೇ ಉಳಿತಾಯ ಖಾತೆ ತೆರೆಯಬಹುದು.

ಮನೆಯವರಿಗೇ ಕೂಲಿ ಕೊಟ್ಟರೆ ಸಂಬಂಧ ಕೆಡುತ್ತದೆಂದು ಹಿರಿಯರು ಹೇಳುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಅಣ್ಣತಮ್ಮಂದಿರ ನಡುವೆ ಪಾಲಿನ ಹೊತ್ತಿನಲ್ಲಿ ಏಳುವ ಜಗಳಗಳಲ್ಲಿ, ನಾನು ಇಷ್ಟು ವರ್ಷ ಪುಕ್ಕಟೆ ದುಡಿದೆ ಎಂಬ ಮಾತು ಬಾರದ ಜಗಳ ಅಪರೂಪ. ಹೆಣ್ಣುಮಕ್ಕಳ ಮಟ್ಟಿಗಂತೂ ಈ ಪುಸ್ತಕ ಇನ್ನೂ ಮುಖ್ಯ. ಹೂ ಕಟ್ಟಿ, ಹಾಲು ಕರೆದು, ಕಳೆ ಕಿತ್ತ ಮಗಳ ದುಡಿಮೆ ಬರವಣಿಗೆಯಲ್ಲಿದ್ದರೆ, ಇವಳಿಗೇಕೆ ಇನ್ನೂ ಓದು ಎಂದು ಕೇಳಲು ಯಾರಿಗೂ ಬಾಯಿ ಬಾರದು.

ಮಿತಿ ಮೀರಬಾರದು

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತನ್ನೂ ಹೇಳಬೇಕು. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆಯಂತೆ 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ನೇಮಿಸುವಂತಿಲ್ಲ. ಶಾಲೆಯ ಹೊತ್ತಿನ ನಂತರ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಕೆಲಸದಲ್ಲಿ ಮನೆಯವರಿಗೆ ನೆರವಾಗುವುದಷ್ಟೇ ಸರಿ. 18ರೊಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚಬಾರದು. ಔಷಧಿ ಸಿಂಪಡಿಸುವ ಕ್ಯಾನು, ಒಕ್ಕಣೆ ಯಂತ್ರ, ಟ್ರ್ಯಾಕ್ಟರ್ ಇವುಗಳ ಹತ್ತಿರ ಅವರನ್ನು ಬಿಡಬೇಡಿ.

ಕೆಲಸವನ್ನು ಪರೀಕ್ಷೆ ನೋಡಿ ಹಚ್ಚಬೇಕು. ರೇಷ್ಮೆಯವರಿಗೆ ಇದು ಚೆನ್ನಾಗಿ ಗೊತ್ತು. ನಾಲ್ಕನೆಯ ಜ್ವರದಿಂದ ಎದ್ದ ಹುಳು ಹಣ್ಣಾಗುವತನಕ ಸುಮಾರು ಒಂದು ವಾರ ಮನೆಯಲ್ಲಿ ಯಾರಿಗೂ ಬಿಡುವಿಲ್ಲ. ಬೆಳೆಯ ಸೊಪ್ಪಿನ ಬಹುಪಾಲು ಹೋಗುವುದು ಆಗಲೇ. ಆ ವಾರ ಪರೀಕ್ಷೆಯ ಮೇಲೆ ಬೀಳದಂತೆ ಚಾಕಿ ತರುವ ದಿನವನ್ನು ಹಿಂದುಮುಂದು ಮಾಡುವುದು ನಿಮ್ಮ ಕೈಯಲ್ಲೇ ಇದೆ. ಹುಳುವಿಗೆ ತೋರುವ ಕಾಳಜಿಯನ್ನು ಓದುವ ಮಗುವಿಗೂ ತೋರಿಸಿ.

ರೈತ ಬಾಂಧವರೇ, ಈ ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಮಾತಾಡಿ. ಯಾವ ಕೆಲಸ, ವಾರಕ್ಕೆಷ್ಟು ಗಂಟೆ, ಎಷ್ಟು ಕೂಲಿ ಎಂದು ಅವರ ಒಪ್ಪಿಗೆ ಪಡೆದೇ ಗೊತ್ತುಮಾಡಿ. ಲೆಕ್ಕವನ್ನು ಅವರ ಕೈಯಲ್ಲೇ ಬರೆಸಿ, ತಿಂಗಳಿಗೊಮ್ಮೆ ನೋಡಿ ರುಜು ಹಾಕಿ. ಆ ನೋಟುಬುಕ್ಕಿಗೆ ತಗಲುವ ಖರ್ಚು ಇಪ್ಪತ್ತು ಮೂವತ್ತು ರೂಪಾಯಿ.