ವಿಹಾರಕೂಟ ಹೊಳೆಬದಿಯಲ್ಲಿರಲಿ, ಮಕ್ಕಳ ಕೈಗೆ ಗಾಳ ಸಿಗಲಿ

ಡಿಸೆಂಬರ್-ಜನವರಿ ಬಂತೆಂದರೆ ಮಹಾನಗರದ ನಮ್ಮ ಸಂಘ-ಸಂಸ್ಥೆಗಳಿಗೆ ವಿಹಾರಕೂಟದ ಪರ್ವಕಾಲ. ಬೆಳಿಗ್ಗೆ ಆರಕ್ಕೆ ಬಸ್ಸು, ದಾರಿಯಲ್ಲಿ ಅಂತ್ಯಾಕ್ಷರಿ, ರೆಸಾರ್ಟ್‌ನ ಈಜುಕೊಳ, ಊಟದ ನಂತರ ಹೌಸಿ, ಸಂಜೆ ಬಹುಮಾನ ವಿತರಣೆ. ಇದರಲ್ಲಿ ತಪ್ಪೇನೂ ಇಲ್ಲ. ನಾನೂ ಇಪ್ಪತ್ತು ವರ್ಷಗಳಿಂದ ಭಾಂಡುಪ್‌ನಿಂದ ಇಂತಹ ಬಸ್ಸು ಹತ್ತಿದವನೇ. ಆದರೆ ಕಳೆದ ಡಿಸೆಂಬರ್‌ನಲ್ಲಿ ಮಗ-ಸೊಸೆ-ಮೊಮ್ಮಗನೊಂದಿಗೆ ಹೊಳೆಬದಿಯಲ್ಲಿ ಒಂದು ರಾತ್ರಿ ಕಳೆದು ಬಂದ ಮೇಲೆ ಮನಸ್ಸಿನಲ್ಲಿ ಒಂದು ವಿಚಾರ ಕೊರೆಯುತ್ತಿದೆ. ಅದನ್ನು ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಠಾಣೆಯಲ್ಲಿ ಕಸಾರಾ ಲೋಕಲ್ ಹಿಡಿದು ಆಸನ್‌ಗಾಂವ್‌ನಲ್ಲಿ ಇಳಿದರೆ ಶಹಾಪುರ. ಅಲ್ಲಿಂದ ರಿಕ್ಷಾದಲ್ಲಿ ಭಾತ್ಸಾ ಹೊಳೆಯ ಬದಿಗೆ ಹೋದೆವು. ಮಗ ಬಾಡಿಗೆಗೆ ಪಡೆದ ಟೆಂಟು, ಸೊಸೆ ಕಟ್ಟಿ ತಂದ ಚಪಾತಿ-ಚಟ್ನಿ, ನನ್ನ ಚೀಲದಲ್ಲಿ ತಂಗೂಸಿ ದಾರ ಮತ್ತು ನಾಲ್ಕು ಸಣ್ಣ ಗಾಳ. ಒಂಬತ್ತು ವರ್ಷದ ಮೊಮ್ಮಗ ಅದನ್ನು ನೋಡಿ, "ಅಜ್ಜ, ಮೀನು ಇಷ್ಟು ಸಣ್ಣದರಲ್ಲಿ ಹೇಗೆ ಸಿಗುತ್ತದೆ?" ಎಂದು ಕೇಳಿದ. ಅವನು ಕಂಡ ಮೀನೆಲ್ಲ ಭಾಂಡುಪ್ ಮಾರುಕಟ್ಟೆಯಲ್ಲಿ ಮಂಜುಗಡ್ಡೆಯ ಮೇಲೆ ಮಲಗಿದ್ದವು. ಬಂಗುಡೆಗೂ ಬೊಂಡಾಸಕ್ಕೂ ವ್ಯತ್ಯಾಸ ಗೊತ್ತು. ಆದರೆ ಜೀವಂತ ಮೀನು ನೀರಿನಲ್ಲಿ ಮಿಂಚಿದ್ದನ್ನು ಅವನು ನೋಡಿಯೇ ಇರಲಿಲ್ಲ.

ಹೊಳೆಯಲ್ಲಿ ಮೀನು ಹಿಡಿಯುತ್ತಿದ್ದ ಅಲ್ಲಿಯ ಕಾತ್ಕರಿ ಗೃಹಸ್ಥರೊಬ್ಬರಲ್ಲಿ ಮೊದಲು ಕೇಳಿಕೊಂಡೆ. ಗಾಳಕ್ಕೆ ಮರಾಠಿಯಲ್ಲಿ 'ಗಳ' ಎನ್ನುತ್ತಾರಾದ್ದರಿಂದ ನಮ್ಮಿಬ್ಬರ ನಡುವೆ ಭಾಷೆಯ ತೊಡಕಾಗಲಿಲ್ಲ. ಯಾವ ಗುಂಡಿಯಲ್ಲಿ ಆಳವಿದೆ, ಯಾವ ಕಲ್ಲಿನಲ್ಲಿ ಪಾಚಿಯಿದೆ ಎಂದು ತೋರಿಸಿಕೊಟ್ಟರು. ಎರೆಹುಳು ಸಿಗದೆ ಚಪಾತಿ ಹಿಟ್ಟಿನ ಉಂಡೆಯನ್ನೇ ಸಿಕ್ಕಿಸಿದೆವು. ಒಂದು ಗಂಟೆ ಏನೂ ಇಲ್ಲ. ಮೊಬೈಲ್ ಇಲ್ಲದೆ ಹತ್ತು ನಿಮಿಷ ಕೂರದ ಹುಡುಗ ಬೆಂಡನ್ನೇ ನೋಡುತ್ತಾ ಒಂದು ಗಂಟೆ ಸುಮ್ಮನೆ ಕುಳಿತ. ಕೊನೆಗೆ ಬೆಂಡು ಮುಳುಗಿತು. ಬೆರಳುದ್ದದ ಬೆಳ್ಳಿ ಮೀನು. ಅದು ಒದ್ದಾಡುವುದನ್ನು ಕಂಡು ಅವನ ಕಣ್ಣು ತುಂಬಿತು. "ಬಿಟ್ಟುಬಿಡೋಣ ಅಜ್ಜ" ಎಂದ. ಕೈ ಒದ್ದೆ ಮಾಡಿಕೊಂಡು ಗಾಳ ಬಿಡಿಸಿ ನೀರಿಗೆ ಬಿಟ್ಟೆವು.

ಅದೇ ಸಂಭ್ರಮದಲ್ಲಿ ಅವನು ಪಾಚಿ ಕಲ್ಲಿನ ಮೇಲೆ ಓಡಿ ಜಾರಿದ. ನೀರು ಮೊಣಕಾಲಿನಷ್ಟೇ ಇತ್ತು, ಮಗ ಪಕ್ಕದಲ್ಲೇ ಇದ್ದ, ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಆದರೆ ಆ ಒಂದು ಕ್ಷಣ ನನ್ನ ಎದೆ ನಿಂತಂತಾಯಿತು. ಎರಡು ಹೆಜ್ಜೆ ಆಚೆಗೇ ಆ ಗೃಹಸ್ಥರು ತೋರಿಸಿದ್ದ ಗುಂಡಿ. ಪ್ರತಿ ಮಳೆಗಾಲದಲ್ಲಿ ಕರ್ಜತ್, ಬದಲಾಪುರ ಕಡೆ ಪಿಕ್ನಿಕ್‌ಗೆ ಹೋದ ಮುಂಬಯಿ ಮಕ್ಕಳು ನೀರುಪಾಲಾದ ಸುದ್ದಿ ಓದುತ್ತೇವೆ. ನಮ್ಮ ಮಕ್ಕಳು ಹೊಳೆಯನ್ನು ಅರಿಯದವರು. ಅರಿಯದವರಿಗೆ ಹೊಳೆ ಒಂದೋ ಆಟಿಕೆ, ಇಲ್ಲವೇ ಯಮ.

ನಮ್ಮ ಬಾಲ್ಯ ಹಾಗಿರಲಿಲ್ಲ. ಮುಲ್ಕಿ ಕಡೆಯ ನಮ್ಮ ಊರಿನಲ್ಲಿ ನೀರಿನ ಬಣ್ಣ ಕೆಂಪಾದರೆ ಮೇಲೆ ಮಳೆಯಾಗಿದೆ ಎಂದು ಆರು ವರ್ಷದ ಹುಡುಗನಿಗೂ ತಿಳಿದಿತ್ತು. ಇರ್ಪೆ ಎಲ್ಲಿ ಅಡಗುತ್ತದೆ, ಮುಗುಡು ಹಿಡಿಯುವಾಗ ಅದರ ಮುಳ್ಳಿನಿಂದ ಕೈಯನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬುದನ್ನು ಶಾಲೆಯಲ್ಲಿ ಕಲಿಯಲಿಲ್ಲ. ಸುರತ್ಕಲ್ ಸಮೀಪದ ಚೇಳೈರಿನ ಖಂಡಿಗೆ ಧರ್ಮರಸು ಉಳ್ಳಾಯನ ಜಾತ್ರೆ ನಮ್ಮಲ್ಲಿ ಅನೇಕರಿಗೆ ಗೊತ್ತು. ಮೇ ತಿಂಗಳಲ್ಲಿ ಊರ-ಪರವೂರ ಜನ ನಂದಿನಿ ಹೊಳೆಗೆ ಇಳಿದು ಒಟ್ಟಿಗೆ ಮೀನು ಹಿಡಿಯುತ್ತಾರೆ. 'ಎರ್ಮಾಳ್ ಜಪ್ಪು, ಖಂಡೇವು ಅಡೆಪು' ಎಂಬ ತುಳು ಗಾದೆಯೇ ಇದೆ. ಜಾತ್ರೆಗಳ ಋತು ಎರ್ಮಾಳಿನಲ್ಲಿ ತೊಡಗಿ ಖಂಡೇವಿನಲ್ಲಿ ಮುಗಿಯುತ್ತದೆ ಎಂದು ಅರ್ಥ. ಇತ್ತ ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲೂ ಶೃಂಗೇರಿಯ ತುಂಗೆಯಲ್ಲೂ ಮೀನು ದೇವರದ್ದು, ಯಾರೂ ಮುಟ್ಟುವಂತಿಲ್ಲ. ಒಂದು ಹೊಳೆಯಲ್ಲಿ ಹಿಡಿಯುವುದು ಕಟ್ಟಳೆ, ಇನ್ನೊಂದರಲ್ಲಿ ಬಿಡುವುದು ಕಟ್ಟಳೆ. ಎರಡರ ಹಿಂದೆಯೂ ಹೊಳೆ ತನ್ನದೆಂಬ ಭಾವನೆಯಿದೆ. ಆ ಭಾವನೆ ಸಡಿಲವಾದದ್ದರಿಂದಲೇ ಇಂದು ನಂದಿನಿಗೂ ಕೊಳಚೆ ಸೇರುತ್ತಿದೆ ಎಂಬ ದೂರು ಕೇಳಿಬರುತ್ತಿದೆ.

ಇಲ್ಲಿಯ ಕಥೆ ಇನ್ನೂ ದಾರುಣ. ಭಾಂಡುಪ್‌ನ ಬೆನ್ನಿಗೇ ವಿಹಾರ್ ಮತ್ತು ಪವಾಯಿ ಕೆರೆಗಳಿವೆ. ಅವು ತುಂಬಿ ಹರಿದ ನೀರೇ ಮೀಠಿ ನದಿ. ಹೆಸರಿನಲ್ಲಿ ಸಿಹಿ. ನಮ್ಮ ಮಕ್ಕಳಿಗೆ ಅದು ಬರೀ 'ನಾಲಾ'. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗಲೇ ಅದೊಂದು ನದಿ ಎಂದು ಈ ನಗರಕ್ಕೆ ನೆನಪಾದದ್ದು. ಭಾಂಡುಪ್ ಸಂಕೀರ್ಣದಲ್ಲಿ ಶುದ್ಧಗೊಂಡು ನಗರಕ್ಕೆ ಹರಿಯುವ ನೀರು ಕೂಡ ವೈತರಣಾ, ತಾನ್ಸಾ ಹೊಳೆಗಳದ್ದು. ನಳ ತಿರುಗಿಸುವ ಮಗುವಿಗೆ ಇದು ಯಾವ ಹೊಳೆಯ ನೀರೆಂದು ನಾವು ಹೇಳಿದ್ದೇವೆಯೇ?

ಆದುದರಿಂದ ಸಂಘಗಳ ಪದಾಧಿಕಾರಿಗಳಲ್ಲಿ ನನ್ನ ವಿನಂತಿ. ಮೂರು ವರ್ಷಕ್ಕೊಮ್ಮೆಯಾದರೂ ವಿಹಾರಕೂಟ ಹೊಳೆಬದಿಯಲ್ಲಿ ನಡೆಯಲಿ. ಗಾಳ ಹಾಕಬಲ್ಲ, ಬಲೆ ಬೀಸಬಲ್ಲ ಹಿರಿಯರು ಪ್ರತಿಯೊಂದು ಸಂಘದಲ್ಲೂ ಇನ್ನೂ ಇದ್ದಾರೆ. ವೇದಿಕೆಯಲ್ಲಿ ಶಾಲು ಹೊದಿಸುವುದರ ಜೊತೆಗೆ ಅವರ ಪಕ್ಕದಲ್ಲಿ ಹತ್ತು ಮಕ್ಕಳನ್ನು ಕೂರಿಸೋಣ. ಆ ಒಂದು ಗಂಟೆಯಲ್ಲಿ ಮಕ್ಕಳ ಕಿವಿಗೆ ಬೀಳುವ ಕನ್ನಡ, ತುಳು ಯಾವ ಭಾಷಣದಲ್ಲೂ ಸಿಗಲಾರದು.

ಸಸ್ಯಾಹಾರಿ ಬಂಧುಗಳು ಆಕ್ಷೇಪಿಸಬಹುದು. ಅವರ ಮಾತಿನಲ್ಲಿ ಸತ್ಯವಿದೆ. ಬರೀ ಮೋಜಿಗಾಗಿ ಜೀವಿಯ ಬಾಯಿಗೆ ಗಾಳ ಸಿಕ್ಕಿಸಿ ಫೋಟೋ ತೆಗೆದು ಬಿಡುವುದು ನನಗೂ ಸರಿಕಾಣದು. ತಿನ್ನುವವರು ತಿನ್ನುವಷ್ಟು ಮಾತ್ರ ಹಿಡಿಯಲಿ, ಮರಿಗಳನ್ನು ಬಿಡಲಿ. ತಿನ್ನದವರ ಮಕ್ಕಳು ಅಕ್ಕಿ ಹಾಕಿ ಮೀನು ನೋಡಲಿ, ಹಕ್ಕಿಗಳನ್ನು ಎಣಿಸಲಿ. ಹೊಳೆ ಎಲ್ಲರಿಗೂ ಏನಾದರೊಂದು ಕೊಡುತ್ತದೆ.

ಕೆಲವು ನಿಯಮಗಳಂತೂ ಕಡ್ಡಾಯ. ಮಳೆಗಾಲದಲ್ಲಿ ಬೇಡವೇ ಬೇಡ. ಅದು ಮೀನು ಮೊಟ್ಟೆಯಿಡುವ ಕಾಲವೂ ಹೌದು, ನಮ್ಮ ಕರಾವಳಿಯ ಕಡಲಿನಲ್ಲೇ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಅಣೆಕಟ್ಟಿನ ಕೆಳಗಡೆ ನೀರು ಯಾವಾಗ ಏರೀತೆಂದು ಸ್ಥಳೀಯರಲ್ಲಿ ಕೇಳದೆ ಇಳಿಯಬಾರದು. ವಿಹಾರ್, ತುಳಸಿ ಕೆರೆಗಳು ರಾಷ್ಟ್ರೀಯ ಉದ್ಯಾನದ ಒಳಗಿವೆ, ಪವಾಯಿಯಲ್ಲಿ ಮೊಸಳೆಗಳಿವೆ, ಆ ಕಡೆ ಗಾಳದ ಯೋಚನೆಯೇ ಬೇಡ. ಪ್ರತಿ ಐದು ಮಕ್ಕಳಿಗೆ ಈಜು ಬಲ್ಲ ಒಬ್ಬ ಹಿರಿಯ, ಒಂದು ಉದ್ದದ ಹಗ್ಗ ಇರಲಿ. ಅಂದು ಮದ್ಯದ ಬಾಟಲಿ ಬಸ್ಸು ಹತ್ತದಿರಲಿ. ತುಂಡಾದ ತಂಗೂಸಿ ಹಕ್ಕಿಯ ಕಾಲಿಗೆ ಉರುಳಾಗುತ್ತದೆ, ಅದನ್ನು ಹೆಕ್ಕಿ ತರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆ ಹೊಳೆ ಅಲ್ಲಿಯ ಬಡವರ ಅನ್ನ. ನಾವು ನೆಂಟರಂತೆ ಹೋಗಿ ನೆಂಟರಂತೆ ಬರಬೇಕು.

ಮೊನ್ನೆ ರೈಲು ಮುಂಬ್ರಾ ದಾಟಿ ಖಾಡಿಯ ಸೇತುವೆ ಹತ್ತಿದಾಗ ಮೊಮ್ಮಗ ಕಿಟಕಿಗೆ ಮುಖವಿಟ್ಟು, "ಅಜ್ಜ, ಇಲ್ಲಿ ಮೀನು ಇರಬಹುದಾ?" ಎಂದು ಕೇಳಿದ. ಇದುವರೆಗೆ ಅವನು ಆ ನೀರನ್ನು ನೋಡಿ ಮೂಗು ಮುಚ್ಚಿಕೊಳ್ಳುತ್ತಿದ್ದ. ನಮ್ಮ ಸಂಘದ ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಈ ವಿಷಯ ಪ್ರಸ್ತಾಪಿಸಲಿದ್ದೇನೆ. ಇತರ ಸಂಘಗಳ ಬಂಧುಗಳೂ ಯೋಚಿಸಲಿ. ಗಾಳ ಕಟ್ಟಿಕೊಡುವ ಕೆಲಸ ನನಗಿರಲಿ.