ಟೈಲ್ಸ್ ತೋರಿಸುತ್ತಾರೆ, ಮೆಟ್ಟಿಲು ತೋರಿಸುವುದಿಲ್ಲ

ಕೊಚ್ಚಿಗೆ ಹೋದವರು ಮಟ್ಟಾಂಚೇರಿಯ ಜ್ಯೂ ಟೌನ್ ನೋಡದೆ ಬರುವುದಿಲ್ಲ. ನಾವೂ ಹೋದೆವು. ಚಪ್ಪಲಿ ಬಿಟ್ಟು, ಟಿಕೆಟ್ ತೆಗೆಸಿ ಪರದೇಶಿ ಸಿನಗಾಗ್ ಒಳಗೆ ನಿಂತೆವು. ಯಹೂದಿಗಳ ಈ ಪ್ರಾರ್ಥನಾ ಮಂದಿರ ಕಟ್ಟಿದ್ದು 1568ರಲ್ಲಿ. ನೆಲದ ಟೈಲ್ಸ್ ಚೀನಾದಿಂದ ಬಂದವು, ಕೈಯಲ್ಲಿ ಬಣ್ಣ ಹಾಕಿದ್ದು, ಒಂದರಂತೆ ಇನ್ನೊಂದಿಲ್ಲ ಎಂದು ಗೈಡ್ ಹೇಳಿದರು. ತೂಗುದೀಪ ತೋರಿಸಿದರು, ಹೊರಗಿನ ಗಡಿಯಾರದ ಗೋಪುರ ತೋರಿಸಿದರು. ಕೊನೆಗೆ, 'ಭಾರತದಲ್ಲಿ ಯಹೂದಿಗಳಿಗೆ ಯಾರೂ ತೊಂದರೆ ಕೊಡಲಿಲ್ಲ' ಅಂದರು. ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು.

ಗೈಡ್ ಸುಳ್ಳು ಹೇಳಲಿಲ್ಲ. ಸಾವಿರ ವರ್ಷದ ಹಿಂದೆ ಚೇರ ದೊರೆ ಭಾಸ್ಕರ ರವಿವರ್ಮ, ಜೋಸೆಫ್ ರಬ್ಬಾನ್ ಎಂಬ ಯಹೂದಿ ಮುಖಂಡನಿಗೆ ತಾಮ್ರಪಟದಲ್ಲಿ 72 ಹಕ್ಕುಗಳನ್ನು ಬರೆದುಕೊಟ್ಟ. ಮುಂದೆ ಕೊಚ್ಚಿಯ ರಾಜರು ತಮ್ಮ ಅರಮನೆಯ ಮಗ್ಗುಲಲ್ಲೇ ಜಾಗ ಕೊಟ್ಟರು. 1662ರಲ್ಲಿ ಇದೇ ಸಿನಗಾಗ್‌ಗೆ ಬೆಂಕಿ ಇಟ್ಟವರು ಪೋರ್ಚುಗೀಸರು, ಊರಿನವರಲ್ಲ.

ಆದರೆ ಈ ಕಟ್ಟಡದ ಇನ್ನೊಂದು ಕಥೆ ಗೈಡ್ ಬಾಯಲ್ಲಿ ಬರಲೇ ಇಲ್ಲ. ಪರದೇಶಿಗಳೆಂದರೆ ಸ್ಪೇನ್ ಮೊದಲಾದ ಕಡೆಯಿಂದ ತಡವಾಗಿ ಬಂದವರು, 'ಬಿಳಿ ಯಹೂದಿ'ಗಳು ಎನಿಸಿಕೊಂಡವರು. ಅವರಿಗಿಂತ ಎಷ್ಟೋ ಮೊದಲಿನಿಂದ ಇದ್ದ ಮಲಬಾರಿ ಯಹೂದಿಗಳ ಜೊತೆ ಅವರು ಹೆಣ್ಣು ಗಂಡು ಕೊಟ್ಟು ತರುತ್ತಿರಲಿಲ್ಲ. ಇನ್ನು ಪರದೇಶಿಗಳ ಮನೆಗಳಲ್ಲಿ ಗುಲಾಮರಾಗಿದ್ದು ಬಿಡುಗಡೆಯಾದವರ ಮಕ್ಕಳು ಮೊಮ್ಮಕ್ಕಳು ಇದೇ ಸಿನಗಾಗ್‌ನಲ್ಲಿ ಬೆಂಚಿನ ಮೇಲೆ ಕೂರುವಂತಿರಲಿಲ್ಲ. ನೆಲದ ಮೇಲೋ ಹೊರಗಿನ ಮೆಟ್ಟಿಲ ಮೇಲೋ ಕೂತು ಪ್ರಾರ್ಥನೆ ಮಾಡಬೇಕಿತ್ತು. ಸತ್ತರೆ ಹೂಳುವ ಜಾಗವೂ ಬೇರೆ. ಹಳ್ಳಿಯಲ್ಲಿ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇದರ ವಿರುದ್ಧ ನಿಂತವರು ಅಬ್ರಹಾಂ ಬರಾಕ್ ಸಾಲೆಂ. 1882ರಲ್ಲಿ ಹುಟ್ಟಿದ ಅವರು ವಕೀಲರು, ಕೊಚ್ಚಿ ಶಾಸನ ಸಭೆಯ ಸದಸ್ಯರು. ಅದೇ ಬಿಡುಗಡೆಯಾದ ಗುಲಾಮರ ವಂಶದವರು. ಮೊದಲು ಸಿನಗಾಗ್‌ಗೆ ಹೋಗುವುದನ್ನೇ ಬಿಟ್ಟರು. ಆಮೇಲೆ ಗಾಂಧಿಯ ದಾರಿ ಹಿಡಿದು ಅಲ್ಲೇ ಸತ್ಯಾಗ್ರಹ ಮಾಡಿದರು. ಜನ ಅವರನ್ನು 'ಯಹೂದಿ ಗಾಂಧಿ' ಅಂದರು. ವರ್ಷಗಟ್ಟಲೆ ಹಿಡಿದ ಈ ಜಗಳದಲ್ಲಿ ಒಂದೊಂದೇ ಕಟ್ಟು ಸಡಿಲವಾಯಿತು. ವೈಕಂ ಸತ್ಯಾಗ್ರಹದ ನಾಡಿನಲ್ಲಿ ಸಿನಗಾಗ್ ಒಳಗೂ ಒಂದು ಸತ್ಯಾಗ್ರಹ ನಡೆದಿತ್ತು ಎಂಬುದು ಚೀನಾದ ಟೈಲ್ಸ್‌ಗಿಂತ ಸಣ್ಣ ಸಂಗತಿಯೇ? ಹೀಗೆ ಹೇಳಿದರೆ ಸೌಹಾರ್ದದ ಕಥೆ ಕೆಡುತ್ತದೆ ಎಂದು ನಮ್ಮಲ್ಲೇ ಒಬ್ಬರು ವಾದಿಸಿದರು. ಕೆಡುವುದಿಲ್ಲ. ರಾಜ ಆಶ್ರಯ ಕೊಟ್ಟದ್ದೂ ನಿಜ, ಆಶ್ರಯ ಪಡೆದವರು ತಮ್ಮೊಳಗೆ ಮೇಲು ಕೀಳು ಮಾಡಿಕೊಂಡದ್ದೂ ನಿಜ.

ಇದಕ್ಕೆ ನಮ್ಮ ಮಂಗಳೂರಿನ ಕಡೆಯದೂ ಒಂದು ಎಳೆ ಇದೆ. ಹನ್ನೆರಡನೇ ಶತಮಾನದಲ್ಲಿ ಅಲ್ಲಿ ಹದಿನೇಳು ವರ್ಷದಷ್ಟು ಕಾಲ ವ್ಯಾಪಾರ ಮಾಡಿಕೊಂಡಿದ್ದ ಬೆನ್ ಯಿಜು ಎಂಬ ಯಹೂದಿ, 1132ರಲ್ಲಿ ಅಶು ಎಂಬ ಗುಲಾಮ ಹೆಣ್ಣನ್ನು ಬಿಡುಗಡೆ ಮಾಡಿ ಬರೆದ ಪತ್ರ ಕೈರೋದ ಹಳೆ ಸಿನಗಾಗ್‌ನ ಕಾಗದಗಳಲ್ಲಿ ಸಿಕ್ಕಿತು. ಅವಳನ್ನೇ ಅವನು ಮದುವೆಯಾದನೆಂದು ವಿದ್ವಾಂಸರ ಊಹೆ. ಅಮಿತಾವ್ ಘೋಷ್ ಇದರ ಬೆನ್ನು ಹತ್ತಿ 1992ರಲ್ಲಿ ಪುಸ್ತಕವನ್ನೇ ಬರೆದರು. ಯಹೂದಿ ಪರಂಪರೆ ಎಂದರೆ ಬರೀ ವ್ಯಾಪಾರಿಗಳದ್ದಲ್ಲ, ಅವರ ಮನೆಯಲ್ಲಿ ದುಡಿದವರದ್ದೂ ಹೌದು.

ಮಟ್ಟಾಂಚೇರಿಯಿಂದ ಆಚೆಗೂ ನೋಡುವುದಿದೆ, ಅಲ್ಲಿಗೆ ಹೋಗುವವರು ಕಡಿಮೆ ಅಷ್ಟೆ. ಪರವೂರಿನ ಸಿನಗಾಗ್ ದುರಸ್ತಿಯಾಗಿ ಮ್ಯೂಸಿಯಂ ಆಗಿದೆ. ಅದರ ಪವಿತ್ರ ಪೆಟ್ಟಿಗೆ ಮಾತ್ರ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂ ಸೇರಿದೆ. ಚೇಂದಮಂಗಲಂ ಕೈಮಗ್ಗದ ಊರು. ಅಲ್ಲಿನ ಸಿನಗಾಗ್ ಮುಂದೆ ಸಾರಾ ಎಂಬ ಹೆಂಗಸಿನ ಗೋರಿಕಲ್ಲಿದೆ, ಇಸವಿ 1269. ಭಾರತದಲ್ಲಿ ಸಿಕ್ಕಿರುವ ಅತಿ ಹಳೆಯ ಹೀಬ್ರೂ ಬರಹಗಳಲ್ಲಿ ಅದೂ ಒಂದು. ಎಂಟು ಶತಮಾನ ಉಳಿದ ಹೆಸರು ಯಾವ ರಬ್ಬಿಯದ್ದೂ ಅಲ್ಲ, ಒಬ್ಬ ಹೆಣ್ಣಿನದು! ಈ ಊರುಗಳ ಹೆಂಗಸರು ಮಲಯಾಳಂ ಹಾಡುಗಳನ್ನು ನೋಟ್‌ಬುಕ್‌ಗಳಲ್ಲಿ ಬರೆದಿಟ್ಟುಕೊಂಡು ಮದುವೆ ಹಬ್ಬಗಳಲ್ಲಿ ಹಾಡುತ್ತಿದ್ದರು. ವಲಸೆ ಹೋಗುವಾಗ ಆ ನೋಟ್‌ಬುಕ್‌ಗಳೂ ಇಸ್ರೇಲಿಗೆ ಹೋದವು.

ನಮ್ಮನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಮಾಳ. 1950ರ ದಶಕದಲ್ಲಿ ಇಲ್ಲಿನವರು ಇಸ್ರೇಲಿಗೆ ಹೊರಟಾಗ ಸಿನಗಾಗ್ ಮತ್ತು ಸ್ಮಶಾನ ಎರಡನ್ನೂ ಪಂಚಾಯ್ತಿ ಕೈಗೆ ಒಪ್ಪಿಸಿ, ಕಾಪಾಡಿ ಎಂದು ಕೇಳಿಕೊಂಡಿದ್ದರು. ಆ ಸ್ಮಶಾನದ ಒಂದು ಭಾಗದಲ್ಲಿ ಆಮೇಲೆ ಕ್ರೀಡಾಂಗಣ ಬಂತು. ಉಳಿದಿರುವ ಗೋರಿಗಳು ಬೆರಳೆಣಿಕೆಯಷ್ಟು. ಅದನ್ನು ಉಳಿಸಲು ಹೋರಾಡಿದವರು ಅದೇ ಊರಿನ ಜನ, ಯಹೂದಿಗಳಲ್ಲದವರು. ಇದನ್ನೂ ಯಾವ ಟೂರ್ ಪ್ಯಾಕೇಜೂ ಹೇಳುವುದಿಲ್ಲ.

ಹೋಗುವವರಿಗೆ ನಮ್ಮ ಸಲಹೆ ಇಷ್ಟೇ. ಬೆಳಿಗ್ಗೆ ಮಾಳದಿಂದ ಶುರು ಮಾಡಿ, ಬಸ್ಸಿನಲ್ಲೇ ಚೇಂದಮಂಗಲಂ, ಪರವೂರು ನೋಡಿಕೊಂಡು ಮಟ್ಟಾಂಚೇರಿಯನ್ನು ಕೊನೆಗಿಟ್ಟುಕೊಳ್ಳಿ. ಬೇಕಾದರೆ ಮಾರನೇ ದಿನಕ್ಕೆ. ಅಲ್ಲಿ ಗೈಡ್‌ನ ಹತ್ತಿರ ಸಾಲೆಂ ಎಲ್ಲಿ ಕೂರುತ್ತಿದ್ದರು ಎಂದು ಕೇಳಿ. ನಾಲ್ಕು ಜನ ಕೇಳಿದರೆ ಐದನೆಯವರಿಗೆ ಕೇಳದೆಯೇ ಹೇಳಿಯಾರು. ಶನಿವಾರ ಮಾತ್ರ ಹೋಗಬೇಡಿ, ಬಾಗಿಲು ಹಾಕಿರುತ್ತದೆ.